ಗಾಲೀಚೆಯ ಊರು, ಗಾಲೀಚೆಯ ವಯಸ್ಸು

ಬೀದರ ಜಿಲ್ಲೆಯ ಹಳ್ಳಿಗಳ ಹೆಸರಿನ ಕೊನೆಗೆ ಕಂಸದೊಳಗೆ ‘ಬಿ’ ಎಂದೋ ‘ಕೆ’ ಎಂದೋ ಒಂದಕ್ಷರ ಇರುವುದನ್ನು ಆ ಕಡೆ ಪ್ರಯಾಣ ಮಾಡಿದವರು ನೋಡಿರಬಹುದು. ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಅಂಥದೊಂದು ಊರು. ಈ ‘ಬಿ’ ಎಂದರೆ ಬುಜುರ್ಗ್, ಹಿರಿದು ಎಂದರ್ಥ. ‘ಕೆ’ ಎಂದರೆ ಖುರ್ದ್, ಕಿರಿದು. ಎರಡೂ ಪಾರಸಿ ಮಾತುಗಳು. ಊರ ಹೆಸರಿನಲ್ಲೇ ಪಾರಸಿ ಸೇರಿಕೊಂಡಿರುವ ಸೀಮೆಯಲ್ಲಿ ಮನೆಯೊಳಗಿನ ಮಾತಿನಲ್ಲಿ ಅದು ಇರುವುದು ಆಶ್ಚರ್ಯವಲ್ಲ. ದರವಾಜ, ಚಾದರ, ರುಮಾಲುಗಳನ್ನು ನಾವು ಪರಭಾಷೆಯ ಶಬ್ದಗಳೆಂದು ಎಣಿಸುವುದೇ ಇಲ್ಲ. ಗಾಲೀಚೆಯೂ ಹಾಗೆಯೇ ಬಂದದ್ದು. ಇರಾನಿನಲ್ಲಿ ದೊಡ್ಡ ನೆಲಹಾಸು ‘ಕಾಲಿ’, ಚಿಕ್ಕದು ‘ಕಾಲಿಚೆ’. ನಾವು ಚಿಕ್ಕದರ ಹೆಸರನ್ನು ತಂದುಕೊಂಡು ದೊಡ್ಡದಕ್ಕೂ ಇಟ್ಟೆವು. ರತ್ನಗಂಬಳಿ ಎಂಬ ನಮ್ಮದೇ ಚೆಲುವಾದ ಮಾತು ಇದ್ದರೂ ಆ ಕಡೆಯ ಮನೆಗಳಲ್ಲಿ ಬಳಕೆಯಲ್ಲಿರುವುದು ಗಾಲೀಚೆಯೇ.

ಹೀಗಿರುವಲ್ಲಿ ಹುಮನಾಬಾದ, ಬಸವಕಲ್ಯಾಣ, ಬೀದರಗಳ ಹಳೆಯ ಮನೆಯೊಂದರ ಪೆಟ್ಟಿಗೆಯಿಂದ ಗಾಲೀಚೆ ಹೊರಬಂದರೆ ಅದನ್ನು ‘ಇರಾನಿ’ ಎನ್ನಲು ಯಾರೂ ಹಿಂದುಮುಂದು ನೋಡುವುದಿಲ್ಲ. ಮುನ್ನೂರು ವರ್ಷದ್ದು ಎಂದು ಮನೆಯ ಹಿರಿಯರು ಹೇಳುತ್ತಾರೆ. ಕೊಳ್ಳಲು ಬಂದ ವ್ಯಾಪಾರಿಯಾದರೋ ಇದು ನಿನ್ನೆಮೊನ್ನೆಯ ಸರಕು, ಆಗ್ರಾ ಮಾಲು ಎಂದು ಮುಖ ತಿರುಗಿಸುತ್ತಾನೆ. ಅದನ್ನೇ ಮಾರಲು ಕೂತಾಗ ಅವನ ಮಾತು ಬೇರೆ. ಇಬ್ಬರ ಮಾತಿನಲ್ಲಿ ಯಾರದು ನಿಜ?

ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ಒಳ್ಳೆಯ ಗಾಲೀಚೆಯೊಂದನ್ನು ಅದರ ಹಿನ್ನೆಲೆ ತಿಳಿಯದೆ ಮೂರು ಕಾಸಿಗೆ ಕೊಟ್ಟವರಿದ್ದಾರೆ. ಅಂಚು ಸವೆಯಿತೆಂದು ಕತ್ತರಿಸಿ ಹೊಸ್ತಿಲಿಗೆ ಹಾಕಿದವರೂ ಇದ್ದಾರೆ. ಇನ್ನು ಕಾನೂನಿನ ಮಾತು. 1972ರ ಪುರಾತನ ವಸ್ತುಗಳ ಹಾಗೂ ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಎಂದಮೇಲೆ ತೊಂಬತ್ತು ವರ್ಷದ ಗಾಲೀಚೆಗೂ ನೂರಿಪ್ಪತ್ತು ವರ್ಷದ್ದಕ್ಕೂ ಇರುವ ಅಂತರ ಬರೀ ಹೆಮ್ಮೆಯದಲ್ಲ.

ಇರಾನಿ ಎಂಬ ನಂಬಿಕೆಗೆ ಆಧಾರವಿಲ್ಲದಿಲ್ಲ. ಬಹಮನಿ ಅರಸ ಅಹಮದ ಶಹಾ ಹದಿನೈದನೆಯ ಶತಮಾನದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಇರಾನಿನ ಕಿರ್ಮಾನ್ ಪ್ರಾಂತದ ಸಂತ ಶಹಾ ನಿಯಾಮತುಲ್ಲಾರ ಮನೆತನದವರನ್ನು ಇಲ್ಲಿಗೆ ಬರಮಾಡಿಕೊಂಡವನೂ ಅವನೇ. ಆ ಮನೆತನದ ಖಲೀಲುಲ್ಲಾರ ಸಮಾಧಿಯಾದ ಚೌಖಂಡಿ ಬೀದರಿನ ಹೊರಗೆ ಇಂದಿಗೂ ನಿಂತಿದೆ. 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ ಗವಾನನು ಕ್ಯಾಸ್ಪಿಯನ್ ಸಮುದ್ರದ ದಡದ ಗಿಲಾನಿನವನು. ಆ ಮದರಸಾದ ಗೋಡೆಯ ಬಣ್ಣದ ಹೆಂಚುಗಳನ್ನು ನೋಡಿದವರಿಗೆ ಇರಾನಿನ ಕೈಕೆಲಸ ಬೀದರಿಗೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಹೆಂಚು ಗೋಡೆಯಲ್ಲಿ ಐನೂರು ವರ್ಷ ನಿಲ್ಲುತ್ತದೆ, ಉಣ್ಣೆ ನಿಲ್ಲುವುದಿಲ್ಲ. ನುಸಿ, ಮಳೆಗಾಲದ ತೇವ, ಹೆಜ್ಜೆಗಳ ಸವೆತ ಇವನ್ನೆಲ್ಲ ದಾಟಿ ಬಹಮನಿ ಕಾಲದ ಗಾಲೀಚೆ ಒಂದು ಮನೆಯ ಪೆಟ್ಟಿಗೆಯಲ್ಲಿ ಉಳಿದಿರಬಹುದೆಂಬುದು ದೂರದ ಮಾತು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ದಖ್ಖನಿನಲ್ಲಿಯೇ ಗಾಲೀಚೆ ನೇಯುತ್ತಿದ್ದರು. ವರಂಗಲ್ಲಿನ ಮಗ್ಗಗಳು ಹೆಸರಾದವು. ಅಲ್ಲಿಯ ಸರಕು 1851ರ ಲಂಡನ್ನಿನ ಮಹಾ ಪ್ರದರ್ಶನದವರೆಗೂ ಹೋಯಿತು. ಕರಾವಳಿಗೆ ಹತ್ತಿರದ ಏಲೂರಿನಲ್ಲೂ ನೇಕಾರರಿದ್ದರು. ತಮ್ಮ ಹಿರಿಯರು ಇರಾನಿನಿಂದ ಬಂದವರೆಂದು ಅವರಲ್ಲಿ ಪ್ರತೀತಿ. 1948ರವರೆಗೆ ಬೀದರವೂ ವರಂಗಲ್ಲೂ ಒಂದೇ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಹುಮನಾಬಾದಿನ ಮೇಲೆಯೇ ಹಾದುಹೋಗುತ್ತದೆ. ಕಿರ್ಮಾನಿನಿಂದ ಗಾಲೀಚೆ ಬರುವುದಕ್ಕಿಂತ ವರಂಗಲ್ಲಿನಿಂದ ಬರುವುದು ಎಷ್ಟೋ ಸುಲಭವಾಗಿತ್ತು.

ಮನೆಯ ಕಾಗದಪತ್ರ ನೋಡಿದರೆ ತಿಳಿಯದೆ ಎಂದರೆ, ಈ ಸೀಮೆಯಲ್ಲಿ ಅದು ಯಾವಾಗಲೂ ಸಿಕ್ಕುವಂಥದಲ್ಲ. ಗೋರ್ಟಾ ಎಂದರೆ ನಾಡಿಗೆಲ್ಲ ನೆನಪಾಗುವುದು 1948ರ ಮೇ ತಿಂಗಳಲ್ಲಿ ರಜಾಕಾರರು ಅಲ್ಲಿ ನಡೆಸಿದ ಹತ್ಯೆ. ಅಂಥ ವರ್ಷದಲ್ಲಿ ಜೀವ ಉಳಿಸಿಕೊಂಡು ಊರು ಬಿಟ್ಟವರು ಲೆಕ್ಕದ ಪುಸ್ತಕ ಹೊತ್ತುಕೊಂಡು ಹೋಗುವುದಿಲ್ಲ. ಮಾರನೆಯ ವರ್ಷ, 1949ರಲ್ಲಿ, ಸಂಸ್ಥಾನದ ಜಹಗೀರುಗಳು ರದ್ದಾದುವು. ಕಲ್ಯಾಣಿಯ ನವಾಬರ ಜಹಗೀರೂ ಅದರಲ್ಲಿ ಒಂದು. ಒಂದು ಗಾಲೀಚೆ ದಿವಾನಖಾನೆಯಿಂದ ಬಂದದ್ದೊ, ಸಂತೆಯಲ್ಲಿ ಕೊಂಡದ್ದೊ ಎಂದು ಹೇಳುವ ಚೀಟಿ ಇಲ್ಲದಿರುವಾಗ, ಸಾಕ್ಷಿ ಕೇಳಬೇಕಾದ್ದು ಗಾಲೀಚೆಯನ್ನೇ. ಅದು ಸಾಕ್ಷಿ ಹೇಳುವುದು ಮುಖದಿಂದಲ್ಲ, ಬೆನ್ನಿನಿಂದ.

ಆದುದರಿಂದ ಮೊದಲು ಮಾಡಬೇಕಾದ ಕೆಲಸ ಅದನ್ನು ಹಗಲು ಬೆಳಕಿನಲ್ಲಿ ಮಗುಚಿ ಹಾಕುವುದು. ಮೇಲೆ ಉಣ್ಣೆಯ ಎಳೆಗಳು ಹುಲ್ಲಿನಂತೆ ಎದ್ದು ನಿಂತಿದ್ದರೆ ಮಾತ್ರ ಅದು ಗಾಲೀಚೆ. ಎರಡು ಮಗ್ಗುಲೂ ಸಪಾಟಾಗಿದ್ದರೆ ಜಮಖಾನ. ನಮ್ಮ ನವಲಗುಂದದ ಜಮಖಾನ ಹೀಗೆ ಹತ್ತಿಯಲ್ಲಿ ಸಪಾಟಾಗಿ ನೆಯ್ದದ್ದು. ಅದರ ಚೆಲುವೇ ಬೇರೆ, ಅದನ್ನು ಇರಾನಿ ಎಂದು ಕರೆದು ಅವಮಾನಿಸುವುದು ಬೇಡ. ಗಾಲೀಚೆಯ ಬೆನ್ನಿನಲ್ಲಿ ಮುಖದ ಚಿತ್ರವೆಲ್ಲ ಗಂಟು ಗಂಟಾಗಿ ಸ್ಪಷ್ಟವಾಗಿ ಮೂಡಿದ್ದರೆ, ಸಾಲುಗಳು ಅಲ್ಲಲ್ಲಿ ಕೊಂಚ ಓರೆಯಾಗಿದ್ದರೆ ಅದು ಕೈಕೆಲಸ. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ, ಅಥವಾ ಸಾಲುಗಳು ಅಚ್ಚು ಹೊಡೆದಂತೆ ಒಂದೇ ಸಮ ಇದ್ದರೆ ಯಂತ್ರದ ಮಾಲೆಂದು ಸಂಶಯ ಪಡಬೇಕು. ತುದಿಯ ಕುಚ್ಚನ್ನೂ ನೋಡಬೇಕು. ಕೈಯಲ್ಲಿ ನೆಯ್ದ ಗಾಲೀಚೆಯ ಕುಚ್ಚು ಹಾಸಿನ ನೂಲಿನದೇ ತುದಿ, ಒಳಗಿನಿಂದ ಬಂದದ್ದು. ಯಂತ್ರದ ಮಾಲಿಗೆ ಕುಚ್ಚನ್ನು ಬೇರೆ ಹೊಲಿದಿರುತ್ತಾರೆ. ಹಳೆಯ ಗಾಲೀಚೆಗೂ ಸವೆದ ಕುಚ್ಚಿನ ಬದಲು ಹೊಸದನ್ನು ಹೊಲಿಸಿರುವುದುಂಟು. ಆದಕಾರಣ ಕುಚ್ಚೊಂದನ್ನೇ ನೋಡಿ ತೀರ್ಪು ಕೊಡಬಾರದು.

ಮುಂದಿನದು ಗಂಟು. ಗಾಲೀಚೆಯನ್ನು ಅಡ್ಡಕ್ಕೆ ಮಡಿಸಿ ಎಳೆಗಳನ್ನು ಬೆರಳಿನಿಂದ ಬಿಡಿಸಿದರೆ ಅವುಗಳ ಬುಡ ಕಾಣುತ್ತದೆ. ಒಂದೊಂದು ಗಂಟನ್ನೂ ಹಾಸಿನ ಎರಡು ನೂಲುಗಳ ಮೇಲೆ ಹಾಕಿರುತ್ತಾರೆ. ಉಣ್ಣೆಯ ಎಳೆ ಎರಡು ನೂಲನ್ನೂ ಸುತ್ತಿ, ಅದರ ಎರಡು ತುದಿಗಳೂ ನಡುವಿನಿಂದ ಒಟ್ಟಿಗೆ ಹೊರಬಂದರೆ ಅದು ತುರ್ಕಿ ಗಂಟು. ಒಂದೇ ನೂಲನ್ನು ಸುತ್ತಿ, ಇನ್ನೊಂದರ ಹಿಂದೆ ಹಾಯ್ದು, ತುದಿಗಳು ಬೇರೆ ಬೇರೆಯಾಗಿ ಮೇಲೆ ಬಂದರೆ ಪಾರಸಿ ಗಂಟು. ಪಾರಸಿ ಗಂಟಿನ ಗಾಲೀಚೆಯ ಎಳೆ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಅಡ್ಡಲಾಗಿ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತಡೆ.

ಹೆಸರು ಕೇಳಿ ಮೋಸಹೋಗುವುದು ಇಲ್ಲಿಯೇ. ಪಾರಸಿ ಗಂಟು ಎಂದಮಾತ್ರಕ್ಕೆ ಪಾರಸಿ ಗಾಲೀಚೆಯಲ್ಲ. ಇರಾನಿನದೇ ಊರುಗಳಾದ ತಬ್ರೀಜ್, ಹಮದಾನ್, ಬಿಜಾರ್‌ಗಳಲ್ಲಿ ರೂಢಿಯಾದದ್ದು ತುರ್ಕಿ ಗಂಟು. ನಮ್ಮ ಆಗ್ರಾ, ವರಂಗಲ್ಲುಗಳಲ್ಲಿ ಹಾಕುವುದು ಪಾರಸಿ ಗಂಟು! ಪಾರಸಿ ಗಂಟಿಗೆ ವ್ಯಾಪಾರಿಗಳು ಸೆನ್ನೆಯ ಗಂಟು ಎನ್ನುವುದುಂಟು. ಆ ಸೆನ್ನೆ ಊರಿನ ನೇಕಾರರು ಸಾಮಾನ್ಯವಾಗಿ ಹಾಕುವುದು ಮಾತ್ರ ತುರ್ಕಿ ಗಂಟನ್ನು. ಪ್ರಪಂಚದಲ್ಲಿ ಇಡಿಯಾಗಿ ಉಳಿದಿರುವ ಗಾಲೀಚೆಗಳಲ್ಲೆಲ್ಲ ಅತ್ಯಂತ ಹಳೆಯದು 1949ರಲ್ಲಿ ಅಲ್ತಾಯಿ ಬೆಟ್ಟದ ಪಜಿರಿಕ್ ಎಂಬಲ್ಲಿ ಹಿಮಗಟ್ಟಿದ ಗೋರಿಯಲ್ಲಿ ಸಿಕ್ಕಿತು. ಅದಕ್ಕೆ ಎರಡು ಸಾವಿರದ ಮುನ್ನೂರು ವರ್ಷಕ್ಕೂ ಮಿಕ್ಕ ವಯಸ್ಸು. ಅದರ ಗಂಟು ಕೂಡ ತುರ್ಕಿ ಬಗೆಯದು, ತುರ್ಕರ ಹೆಸರು ಚರಿತ್ರೆಯಲ್ಲಿ ಕೇಳಿಬರುವುದಕ್ಕೆ ಎಷ್ಟೋ ಮೊದಲಿನದು. ಗಂಟನ್ನು ನೋಡಿ ಒಂದಷ್ಟು ಊರುಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಇಂಥದೇ ಊರೆಂದು ಹೇಳಲಾಗದು.

ಗಂಟುಗಳನ್ನು ಎಣಿಸುವುದು ಸುಲಭ. ಬೆನ್ನಿನ ಮೇಲೆ ಒಂದಂಗುಲ ಅಡ್ಡಕ್ಕೆ ಎಷ್ಟು, ಒಂದಂಗುಲ ಉದ್ದಕ್ಕೆ ಎಷ್ಟು ಎಂದು ಲೆಕ್ಕಹಾಕಿ ಗುಣಿಸಿದರಾಯಿತು. ಅಡ್ಡಕ್ಕೆ 10, ಉದ್ದಕ್ಕೆ 12 ಇದ್ದರೆ ಚದರ ಅಂಗುಲಕ್ಕೆ 120. ಆರು ಅಡಿಗೆ ನಾಲ್ಕಡಿಯ ಗಾಲೀಚೆಯಲ್ಲಿ ಆಗ ನಾಲ್ಕು ಲಕ್ಷಕ್ಕೂ ಮಿಕ್ಕಿ ಗಂಟುಗಳಾಗುತ್ತವೆ. ದಿನಕ್ಕೆ ಆರು ಸಾವಿರದಂತೆ ಹಾಕಿದರೂ ಒಬ್ಬನಿಗೆ ಎರಡು ತಿಂಗಳಿಗೆ ಮೀರಿದ ಕೆಲಸ. ಈ ಲೆಕ್ಕ ಕೈಯ ಶ್ರಮವನ್ನು ತಿಳಿಸುತ್ತದೆ, ಊರನ್ನಾಗಲಿ ವಯಸ್ಸನ್ನಾಗಲಿ ತಿಳಿಸುವುದಿಲ್ಲ. ಗಂಟು ಹೆಚ್ಚಿದ್ದಷ್ಟೂ ಹಳೆಯದು ಎಂಬ ನಂಬಿಕೆ ಅಂಗಡಿಯಲ್ಲಿ ಹುಟ್ಟಿದ್ದು.

ಊರನ್ನು ಹೇಳಬಲ್ಲ ಸಾಕ್ಷಿ ಹಾಸು ಮತ್ತು ಹೊಕ್ಕು. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕಣ್ಣಿಗೆ ಬೀಳದ ಹೊಕ್ಕನ್ನು ಹೇಗೆ ಹಾಯಿಸಬೇಕೆಂಬುದು ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬಂದ ಕೈಯ ಅಭ್ಯಾಸ. ಅದನ್ನು ಬದಲಾಯಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಹಮದಾನಿನ ಹಳ್ಳಿಗಳಲ್ಲಿ ಎರಡು ಗಂಟಿನ ಸಾಲುಗಳ ನಡುವೆ ಒಂದೇ ಹೊಕ್ಕು ಹಾಯಿಸುತ್ತಾರೆ. ಬೆನ್ನಿನ ಮೇಲೆ ಬಿಳಿಯ ಚುಕ್ಕೆಗಳು ಒಂದು ಬಿಟ್ಟು ಒಂದರಂತೆ ಕಾಣುವುದು ಇದರಿಂದ. ಕಿರ್ಮಾನಿನಲ್ಲಿ ಮೂರು ಹೊಕ್ಕು ಹಾಯಿಸುವ ಸಂಪ್ರದಾಯ ಹದಿನೇಳನೆಯ ಶತಮಾನದಷ್ಟು ಹಳೆಯದು. ಕಾಶಾನಿನ ಗಾಲೀಚೆಯ ಹೊಕ್ಕು ಅನೇಕ ವೇಳೆ ತಿಳಿನೀಲಿ. ಬಿಜಾರಿನದು ಹಲಗೆಯಂತೆ ಗಡುಸು, ಮಡಿಸಲು ಹೋದರೆ ಹೊಕ್ಕು ಮುರಿದೀತು. ಊರೂರು ಅಲೆಯುವ ಕುರಿಗಾರರ ಗಾಲೀಚೆಯಲ್ಲಿ ಹಾಸೂ ಉಣ್ಣೆಯದೇ. ಹತ್ತಿಯ ಹಾಸು ಕಂಡರೆ ಸಾಮಾನ್ಯವಾಗಿ ಅದು ನೆಲೆನಿಂತ ಊರಿನ ಮಗ್ಗದ್ದು.

ನಮ್ಮ ದೇಶದ ಗಾಲೀಚೆಗಳಲ್ಲಿ ಹಾಸು ಸಾಮಾನ್ಯವಾಗಿ ಹತ್ತಿಯದು. ಹಳೆಯವುಗಳಲ್ಲಿ ಆ ನೂಲನ್ನು ಇರಾನಿನವರಿಗಿಂತ ಹೆಚ್ಚು ಎಳೆ ಸೇರಿಸಿ ಹೊಸೆದಿರುವುದು ಅನೇಕ ವೇಳೆ ಕಾಣುತ್ತದೆ. ಕುಚ್ಚಿನ ಒಂದು ನೂಲನ್ನು ಬಿಡಿಸಿ ಎಣಿಸಿದರೆ ನಾಲ್ಕಕ್ಕೆ ಬದಲು ಆರೊ ಎಂಟೊ ಎಳೆ ಸಿಕ್ಕಬಹುದು. ಕೆಂಪು ಬಣ್ಣವನ್ನೂ ಗಮನಿಸಬೇಕು. ಅರಗಿನಿಂದ ತೆಗೆದ ಕೆಂಪಿನಲ್ಲಿ ನೇರಳೆಯ ಛಾಯೆ ಇರುತ್ತದೆ, ಮಂಜಿಷ್ಠದ ಕೆಂಪು ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಇರಾನಿನ ನೇಕಾರರೂ ಅರಗನ್ನು ಬಳಸಿದ್ದುಂಟು, ಆದರೆ ಹಿಂದುಸ್ಥಾನದಲ್ಲಿ ಅದು ಹೇರಳ. ಕೆಂಪಿನ ಪಕ್ಕದಲ್ಲೇ ಗುಲಾಬಿ, ನಡುವೆ ಗೆರೆಯಿಲ್ಲದೆ, ಒಂದು ಬಣ್ಣ ಇನ್ನೊಂದರೊಳಕ್ಕೆ ಕರಗಿದಂತೆ ಇಡುವುದು ನಮ್ಮ ಕಡೆಯ ಕೈಗೆ ಪ್ರಿಯವಾದ ಕೆಲಸ. ಉಣ್ಣೆಯ ಸ್ಪರ್ಶವೂ ಒಂದಿಷ್ಟು ಹೇಳುತ್ತದೆ. ದಖ್ಖನದ ಕುರಿಯ ಉಣ್ಣೆ ಎಂಥದೆಂದು ಕುರುಬರ ಕಂಬಳಿ ಹೊದ್ದವರಿಗೆ ತಿಳಿಸಿ ಹೇಳಬೇಕಾದ್ದಿಲ್ಲ. ಇರಾನಿನ ಬೆಟ್ಟದ ಕುರಿಯ ಒಳ್ಳೆಯ ಉಣ್ಣೆಗೆ ಎಣ್ಣೆ ಸವರಿದಂಥ ಹೊಳಪುಂಟು. ಇದೆಲ್ಲ ಒಂದೊಂದಾಗಿ ಸಾಲದು. ಮೂರು ನಾಲ್ಕು ಗುರುತುಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡಿದಾಗ ನಂಬಬಹುದು.

ಚಿತ್ರವನ್ನು ನಾನು ಬೇಕೆಂದೇ ಕೊನೆಗಿಟ್ಟೆ. ಜನ ಮೊದಲು ನೋಡುವುದು ಅದನ್ನೇ, ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ಬಿಜಾಪುರದ್ದು, ಈಗಿನ ವಿಜಯಪುರ. ಅಲ್ಲಿಯ ಅಸಾರ್ ಮಹಲಿನಲ್ಲಿ ಆದಿಲಶಾಹಿ ಕಾಲದಿಂದ ಉಳಿದುಬಂದ ಗಾಲೀಚೆಗಳಿದ್ದುವು. ಈಗ ಅವು ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಯಾವುದು ಇರಾನಿನದು, ಯಾವುದು ಉತ್ತರ ಹಿಂದುಸ್ಥಾನದ್ದು, ಯಾವುದು ದಖ್ಖನಿನದು ಎಂಬ ಬಗ್ಗೆ ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪುಣೆಯ ಯರವಡಾ ಸೆರೆಮನೆಯಲ್ಲಿ ಕೈದಿಗಳಿಂದ ಗಾಲೀಚೆ ನೇಯಿಸುತ್ತಿದ್ದರು. ಆಗ್ರಾ, ಲಾಹೋರ್ ಸೆರೆಮನೆಗಳಲ್ಲಿಯೂ ಹಾಗೆಯೇ. ಯರವಡಾದವರಿಗೆ ಮಾದರಿಯಾದದ್ದು ಈ ಅಸಾರ್ ಮಹಲಿನ ಗಾಲೀಚೆಗಳೇ. ಎಂದರೆ ಹದಿನೇಳನೆಯ ಶತಮಾನದ ಚಿತ್ರ, ಹತ್ತೊಂಬತ್ತನೆಯ ಶತಮಾನದ ಕೈದಿಯ ಬೆರಳು. ಚಿತ್ರವೊಂದನ್ನೇ ನೋಡಿದವನು ಇನ್ನೂರು ವರ್ಷ ತಪ್ಪುತ್ತಾನೆ. ಹಾಗೆಂದು ಆ ಸೆರೆಮನೆಯ ಗಾಲೀಚೆ ಕೀಳಲ್ಲ. ಹೊತ್ತಿನ ಲೆಕ್ಕವಿಲ್ಲದ ಕೈಗಳು ನೆಯ್ದದ್ದು, ಗಟ್ಟಿ ಕೆಲಸ. ಈಗ ಅವಕ್ಕೇ ಬೇರೆ ಬೆಲೆ ಬಂದಿದೆ.

ಇನ್ನೂ ದೂರದ ಒಂದು ಕತೆಯಿದೆ. ಜಪಾನಿನ ಕ್ಯೋಟೊ ನಗರದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಗಿಯೊನ್ ಹಬ್ಬ ನಡೆಯುತ್ತದೆ. ನಮ್ಮ ತೇರುಗಳಂತೆ ಅಲ್ಲಿಯೂ ದೊಡ್ಡ ದೊಡ್ಡ ರಥಗಳನ್ನು ಎಳೆಯುತ್ತಾರೆ. ಅವುಗಳ ಮಗ್ಗುಲಿಗೆ ಪರದೇಶದ ಗಾಲೀಚೆಗಳನ್ನು ಇಳಿಬಿಡುವುದು ಅಲ್ಲಿಯ ಪದ್ಧತಿ. ಡಚ್ಚರ ಹಡಗುಗಳು ತಂದ ಸರಕು ಅದು. ಒಂದೊಂದು ಬೀದಿಯವರೂ ತಮ್ಮ ಗಾಲೀಚೆಗಳನ್ನು ತಲೆತಲಾಂತರದಿಂದ ಜೋಪಾನಮಾಡಿ ಇಟ್ಟರು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಟ್ಟೆಬರೆಯ ಪರಿಣತರು ಅವನ್ನು ಇಳಿಸಿ, ಹಾಸು ಹೊಕ್ಕುಗಳನ್ನು ಪರೀಕ್ಷಿಸಿದಾಗ, ಹಲವು ಗಾಲೀಚೆಗಳು ದಖ್ಖನಿನವೆಂದು ತೀರ್ಮಾನವಾಯಿತು. ಹದಿನೇಳು ಹದಿನೆಂಟನೆಯ ಶತಮಾನದ ನಮ್ಮ ಮಗ್ಗಗಳ ಕೆಲಸ ನಮ್ಮ ಮನೆಗಳಲ್ಲಿ ಉಳಿಯದೆ ಕ್ಯೋಟೊದ ತೇರುಗಳ ಮೇಲೆ ಉಳಿಯಿತು. ಇಲ್ಲಿ ಉಳಿದ ಒಂದೆರಡನ್ನೂ ಇರಾನಿ ಎಂದು ಕರೆದು ಪರರ ಲೆಕ್ಕಕ್ಕೆ ಬರೆಯುತ್ತಿದ್ದೇವೆ.

ಊರಿನ ಮಾತು ಇಷ್ಟಾಯಿತು. ವಯಸ್ಸಿನ ವಿಷಯದಲ್ಲಿ ಬಣ್ಣವೇ ದೊಡ್ಡ ಪಂಚಾಂಗ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣ ಕಲ್ಲಿದ್ದಲ ಡಾಂಬರಿನ ಸತ್ವದಿಂದ ನೇರಳೆ ಬಣ್ಣ ತೆಗೆದನು. ಮೂರು ವರ್ಷದೊಳಗೆ ಮಜೆಂಟಾ ಬಂದಿತು. 1868ರಲ್ಲಿ ಜರ್ಮನರು ಮಂಜಿಷ್ಠದ ಸಾರವನ್ನು ಕೃತಕವಾಗಿ ತಯಾರಿಸಿದರು, 1897ರ ವೇಳೆಗೆ ನೀಲಿಯನ್ನು ಕಾರ್ಖಾನೆಯಲ್ಲಿ ತಯಾರಿಸಿದರು. ಈ ಬಣ್ಣಗಳು ಇರಾನಿನ ಮಗ್ಗಗಳನ್ನು ಎಷ್ಟು ಬೇಗ ಮುತ್ತಿದುವೆಂದರೆ, 1880ರ ದಶಕದಲ್ಲಿ ಅಲ್ಲಿಯ ಶಹಾ ನಾಸಿರುದ್ದೀನನು ಅವುಗಳ ಆಮದನ್ನು ನಿಷೇಧಿಸಬೇಕಾಯಿತು. ನಿಷೇಧ ಅಷ್ಟಾಗಿ ಫಲಿಸಲಿಲ್ಲವೆಂಬುದು ಬೇರೆ ಮಾತು. ನಮಗೆ ಇದರಿಂದ ಸಿಕ್ಕುವ ಸೂತ್ರ ಸರಳ. ಡಾಂಬರಿನ ನೇರಳೆ ಇರುವ ಗಾಲೀಚೆ 1856ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಮುತ್ತಜ್ಜ ಏನೇ ಹೇಳಿರಲಿ.

ಇದನ್ನು ಮನೆಯಲ್ಲಿಯೇ ಕಂಡುಹಿಡಿಯುವ ಬಗೆಯೊಂದಿದೆ. ಗಂಟಿನ ಬುಡವನ್ನು ಬಿಡಿಸಿ, ಅಲ್ಲಿಯ ಬಣ್ಣವನ್ನು ಎಳೆಯ ತುದಿಯ ಬಣ್ಣದೊಂದಿಗೆ ಹೋಲಿಸಿರಿ. ತುದಿಯಲ್ಲಿ ಬೂದಿಯಾಗಿ ಬುಡದಲ್ಲಿ ಕಣ್ಣು ಕುಕ್ಕುವ ನೇರಳೆಯೊ ಕಿತ್ತಳೆಯೊ ಇದ್ದರೆ ಅದು ಆ ಮೊದಲ ಕಾಲದ ರಾಸಾಯನಿಕ ಬಣ್ಣ. ಬೇರು ತೊಗಟೆಗಳ ಬಣ್ಣವೂ ಮಾಸುತ್ತದೆ, ಆದರೆ ಮೆಲ್ಲಗೆ, ಬುಡದಿಂದ ತುದಿಗೆ ಇಳಿಜಾರಿನಂತೆ. ಇದಕ್ಕೆ ಪ್ರತಿಯಾಗಿ ಬುಡದಲ್ಲಿಯೂ ತುದಿಯಲ್ಲಿಯೂ ಒಂದಿನಿತೂ ಬದಲಾಗದ ಬಣ್ಣವಿದ್ದರೆ ಇಪ್ಪತ್ತನೆಯ ಶತಮಾನದ ಗಟ್ಟಿ ಬಣ್ಣವಿರಬಹುದು. ಒಂದು ಎಚ್ಚರಿಕೆ ಬೇಕು. ಹಳೆಯ ಗಾಲೀಚೆಯ ತೂತಿಗೆ ಯಾರೋ ಆಮೇಲೆ ತೇಪೆ ಹಾಕಿರಬಹುದು, ಆ ತೇಪೆಯ ಬಣ್ಣವನ್ನು ನೋಡಿ ಇಡೀ ಗಾಲೀಚೆಯ ವಯಸ್ಸು ಕಟ್ಟಬಾರದು. ನಾಲ್ಕಾರು ಕಡೆ ನೋಡಬೇಕು. ರಾಸಾಯನಿಕ ಬಣ್ಣವಿಲ್ಲವೆಂದ ಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ಬೇರಿನ ಬಣ್ಣ ಹಾಕುವವರು ಇಂದಿಗೂ ಇದ್ದಾರೆ.

ಕಪ್ಪು ಬಣ್ಣ ಇನ್ನೊಂದು ರೀತಿಯಲ್ಲಿ ವಯಸ್ಸು ಹೇಳುತ್ತದೆ. ಅಳಲೆಕಾಯಿಯ ನೀರಿಗೆ ಅನ್ನಭೇದಿ ಹಾಕಿದರೆ ಕಪ್ಪಾಗುವುದು ಮನೆಯಲ್ಲಿ ಮಸಿ ಮಾಡುತ್ತಿದ್ದ ಕಾಲದವರಿಗೆ ಗೊತ್ತಿದ್ದ ವಿದ್ಯೆ. ಉಣ್ಣೆಗೂ ಇಂಥದೇ ಕಪ್ಪು ಹಾಕುತ್ತಿದ್ದರು. ಅದರಲ್ಲಿನ ಕಬ್ಬಿಣ ವರ್ಷಗಳು ಕಳೆದಂತೆ ಉಣ್ಣೆಯನ್ನು ತಿನ್ನುತ್ತದೆ. ಆದುದರಿಂದ ಹಳೆಯ ಗಾಲೀಚೆಯಲ್ಲಿ ಹೂವಿನ ಕಪ್ಪು ಗೆರೆಗಳು ತಗ್ಗಾಗಿ, ಹೂವು ಉಬ್ಬಿ ನಿಂತಂತೆ ಕಾಣುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ. ಕೆಲವರು ಕತ್ತರಿಯಿಂದ ಈ ತಗ್ಗನ್ನು ಕೃತಕವಾಗಿ ಮಾಡುವುದುಂಟು. ಆಗ ತಗ್ಗು ಕಪ್ಪಿನಲ್ಲಿ ಮಾತ್ರ ಇರದೆ ಎಲ್ಲ ಬಣ್ಣದ ಅಂಚಿನಲ್ಲೂ ಒಂದೇ ಅಳತೆಯಲ್ಲಿರುತ್ತದೆ.

ಕೆಲವು ಗಾಲೀಚೆಗಳಲ್ಲಿ ಇಸವಿಯನ್ನೇ ನೆಯ್ದಿರುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಪ್ರಖ್ಯಾತ ಅರ್ದಬೀಲ್ ಗಾಲೀಚೆಯಲ್ಲಿ ಹಿಜರಿ 946 ಎಂದಿದೆ. ಹಿಜರಿ ಚಾಂದ್ರಮಾನದ ಲೆಕ್ಕ. ನಮ್ಮ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ಆದಕಾರಣ ಅದನ್ನು 33ರಿಂದ ಭಾಗಿಸಿ, ಬಂದುದನ್ನು ಅದರಲ್ಲಿಯೇ ಕಳೆದು, 622 ಕೂಡಿಸಬೇಕು. 946ರಲ್ಲಿ ಸುಮಾರು 29 ಕಳೆದು 622 ಕೂಡಿಸಿದರೆ 1539. ಇಷ್ಟು ಪುಸ್ತಕಗಳಲ್ಲಿ ಇದ್ದೇ ಇರುತ್ತದೆ. ಹೈದರಾಬಾದು ಸೀಮೆಯವರಿಗೆ ಮಾತ್ರ ಇನ್ನೂ ಒಂದು ತೊಡಕುಂಟು. ನಿಜಾಮರ ಸರಕಾರದ ಲೆಕ್ಕಪತ್ರಗಳೆಲ್ಲ ಫಸಲಿ ಇಸವಿಯಲ್ಲಿ ಇರುತ್ತಿದ್ದುವು. ಫಸಲಿಗೆ 590 ಕೂಡಿಸಬೇಕು, ಜನವರಿ ದಾಟಿದ ಮೇಲೆ 591. ಇರಾನಿನವರಾದರೋ 1925ರಿಂದ ಸೌರಮಾನದ ಬೇರೊಂದು ಹಿಜರಿಯನ್ನು ಅಧಿಕೃತವಾಗಿ ತಂದರು. ಅದಕ್ಕೆ ಕೂಡಿಸುವುದು 621. ಹೀಗೆ ಗಾಲೀಚೆಯ ಮೂಲೆಯಲ್ಲಿ 1318 ಎಂದು ಕಂಡರೆ ಅದು ಚಾಂದ್ರಮಾನದಲ್ಲಿ 1900, ಫಸಲಿಯಲ್ಲಿ 1908, ಇರಾನಿನ ಸೌರಮಾನದಲ್ಲಿ 1939. ಒಂದೇ ಅಂಕಿಗೆ ಮೂರು ಕಾಲ! ಗಾಲೀಚೆ ಎಲ್ಲಿಯದೆಂದು ಬೆನ್ನು ನೋಡಿ ಗೊತ್ತುಮಾಡಿಕೊಂಡ ಮೇಲೆಯೇ ಈ ಲೆಕ್ಕಕ್ಕೆ ಕೈಹಾಕಬೇಕು. ಮನೆಯಲ್ಲಿ ಹಳೆಯ ಖರೀದಿ ಚೀಟಿ ಸಿಕ್ಕಿದರೂ ಅದರ ಇಸವಿ ಫಸಲಿಯೇ ಎಂದು ಮೊದಲು ನೋಡಬೇಕು. ಆಜೂರ್, ದೈ, ಬಹಮನ್ ಮುಂತಾದ ತಿಂಗಳ ಹೆಸರುಗಳಿದ್ದರೆ ಹೈದರಾಬಾದಿನ ಚೀಟಿಯಲ್ಲಿ ಅದು ಫಸಲಿಯೇ.

ನೆಯ್ದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅರಬ್ಬಿ ಲಿಪಿಯ ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ ಮಾತ್ರ. ಆ ಹಲ್ಲಿನ ನಾಲ್ಕು ಗಂಟು ಕಿತ್ತು ಬೇರೆ ಬಣ್ಣ ಕಟ್ಟಿದರೆ 1300 ಹೋಗಿ 1200 ಆಗುತ್ತದೆ, ಗಾಲೀಚೆಗೆ ಒಂದೇ ಸಂಜೆಯಲ್ಲಿ ನೂರು ವರ್ಷ ಕೂಡುತ್ತದೆ. ಇಂಥ ತಿದ್ದುಪಡಿಯೂ ಬೆನ್ನಿನ ಮೇಲೆ ತಿಳಿಯುತ್ತದೆ, ಅಲ್ಲಿಯ ಗಂಟುಗಳು ಮಾತ್ರ ಉಬ್ಬಿ ಹೊಸದಾಗಿರುತ್ತವೆ. ವ್ಯಾಪಾರಿ ಊರಿನ ಹೆಸರು ಹೇಳಿದರೆ ಆ ಊರಿನ ಕತೆಯನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕುಮ್ ಮತ್ತು ನಾಯಿನ್ ಊರುಗಳ ಗಾಲೀಚೆ ಉದ್ಯಮ ಇಪ್ಪತ್ತನೆಯ ಶತಮಾನದಲ್ಲಿ ತಲೆಯೆತ್ತಿದ್ದು. ಇನ್ನೂರು ವರ್ಷದ ಕುಮ್ ರೇಷ್ಮೆ ಎಂದು ಯಾರಾದರೂ ತಂದು ಹರಡಿದರೆ ಚಹಾ ಕುಡಿಸಿ ಕಳಿಸಿಬಿಡಬಹುದು.

ಸವೆತದಿಂದಲೂ ವಯಸ್ಸು ಹೇಳುತ್ತಾರೆ, ಅದು ಬಡ ಸಾಕ್ಷಿ. ಬಾಗಿಲಲ್ಲಿ ಹಾಸಿದ್ದು ಇಪ್ಪತ್ತು ವರ್ಷಕ್ಕೆ ಸವೆಯುತ್ತದೆ, ಪೆಟ್ಟಿಗೆಯಲ್ಲಿ ಇಟ್ಟದ್ದು ನೂರು ವರ್ಷವಾದರೂ ಹೊಸದರಂತಿರುತ್ತದೆ. ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ ಹಳೆಯದರಂತೆ ಮಾಡುವವರೂ ಇದ್ದಾರೆ. ಹಾಗೆ ಮಾಡಿದ್ದರಲ್ಲಿ ಬಿಳಿಯ ಹೊಕ್ಕಿಗೂ ಅದೇ ಕಂದು ಹತ್ತಿರುತ್ತದೆ. ವಿಜ್ಞಾನದ ಇಂಗಾಲ ಪರೀಕ್ಷೆ ಇದೆಯಲ್ಲ ಎಂದು ಕೇಳಬಹುದು. ಅದು ಪಜಿರಿಕ್‌ನಂಥ ಪ್ರಾಚೀನ ವಸ್ತುವಿಗೆ ಸರಿ. ಸುಮಾರು 1650ರಿಂದ ಈಚಿನ ಮೂರು ಶತಮಾನಗಳಲ್ಲಿ ಅದರ ಉತ್ತರ ಗೊಂದಲವಾಗಿ, ಒಂದೇ ನೂಲಿಗೆ ಎರಡು ಮೂರು ಕಾಲಗಳನ್ನು ಸೂಚಿಸುತ್ತದೆ. ನಮ್ಮ ಮನೆಗಳಲ್ಲಿ ಇರಬಹುದಾದ ಗಾಲೀಚೆಗಳೆಲ್ಲ ಆ ಮೂರು ಶತಮಾನದೊಳಗಿನವೇ. ಅದಕ್ಕಿಂತ ಬಣ್ಣದ ರಸಾಯನ ಪರೀಕ್ಷೆ ಉಪಯುಕ್ತ, ಒಂದು ಎಳೆಯ ತುಣುಕು ಸಾಕು.

ಕಣ್ಣು ಪಳಗಬೇಕಾದರೆ ಒಳ್ಳೆಯ ಗಾಲೀಚೆಗಳನ್ನು ನೋಡಿಯೇ ಪಳಗಬೇಕು. ವಿಜಯಪುರದ ಸಂಗ್ರಹಾಲಯ ಹತ್ತಿರವಿದೆ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಇರಾನಿನ ಗಾಲೀಚೆಗಳೂ ಇವೆ. ತಿಳಿದವರ ಅಭಿಪ್ರಾಯ ಕೇಳುವುದಾದರೆ ಮುಖದ ಚಿತ್ರವೊಂದನ್ನೇ ಕಳಿಸುವುದು ವ್ಯರ್ಥ. ಬೆನ್ನಿನ ಒಂದು ಮೂಲೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕುಚ್ಚು ಮತ್ತು ಅಂಚು ಕಾಣುವಂತೆ ತೆಗೆದ ಚಿತ್ರ ಬೇಕು. ಅಭಿಪ್ರಾಯ ಹೇಳುವವನೇ ಕೊಳ್ಳುವವನೂ ಆಗಿದ್ದರೆ ಇನ್ನೊಬ್ಬನನ್ನು ಕೇಳುವುದು ಮೇಲು.

ಅಲ್ಲಿಯವರೆಗೆ ಗಾಲೀಚೆಯನ್ನು ಒಗೆಯಬೇಡಿ, ಮಡಿಸಲೂ ಬೇಡಿ. ಹಗುರವಾಗಿ ಧೂಳು ಕೊಡವಿ, ಬೇವಿನೆಲೆಯ ನಡುವೆ ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿ, ಕೊಳವೆಯಂತೆ ಸುರುಳಿಮಾಡಿ ಇಟ್ಟರೆ ಸಾಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹಾಕಬೇಕು. ಮನೆಯ ಹಿರಿಯರಿಗೆ ಅದು ಎಲ್ಲಿಂದ, ಯಾರ ಕಾಲದಲ್ಲಿ ಬಂದಿತೆಂದು ನೆನಪಿರುವಷ್ಟನ್ನು ಒಂದು ಬಿಳಿಯ ಬಟ್ಟೆಯ ತುಂಡಿನ ಮೇಲೆ ಮಾಸದ ಮಸಿಯಲ್ಲಿ ಬರೆದು, ಬೆನ್ನಿನ ಒಂದು ಮೂಲೆಗೆ ಸಡಿಲವಾಗಿ ಹೊಲಿಯಬಹುದು. ಇಸವಿ ಬರೆಯುವಾಗ ಅದು ಫಸಲಿಯೊ ಇಂಗ್ಲಿಷ್ ಇಸವಿಯೊ ಎಂಬುದನ್ನು ಸೇರಿಸಿ ಬರೆಯಬೇಕು.